ಒಂದೇ ವೈರು

ಗ್ರೀನಕ್‌ನ ಕ್ಲಬ್ಬು. ಡೂಗಲ್ ಕೇಳುತ್ತಾನೆ:
“ಕೀಬೋರ್ಡಿಗೆ ಒಂದು ವೈರೋ, ಎರಡೋ, ಐಲ್ಸಾ?”

ಮನೆಯಲ್ಲಿ, ಹೆಡ್‌ಫೋನಿನೊಳಗೆ,
ಮಂದ್ರ ಎಡಕ್ಕೆ, ತಾರ ಬಲಕ್ಕೆ;
ನನ್ನ ತಲೆಯೇ ಒಂದು ಪಿಯಾನೋದಷ್ಟು ಅಗಲ.

ಇಲ್ಲಿ ಎರಡೂ ಸಮನಾಗಿ ಕೇಳುವ ಜಾಗ ಒಂದೇ.
ಅಲ್ಲಿ ಕಂಬ ನಿಂತಿದೆ.

ಬಲ ಸ್ಪೀಕರಿನಡಿ ಮುದುಕ ಟಾರ್ಕ್ವಿಲ್,
ಹಡಗು ಕಟ್ಟುವಲ್ಲಿ ರಿವೆಟ್ ಬಡಿದು ಬಡಿದು
ಒಂದು ಕಿವಿಯನ್ನು ಕಬ್ಬಿಣಕ್ಕೆ ಕೊಟ್ಟವನು.
ಹೋದ ಶನಿವಾರ ಕೇಳಿದ್ದ:
“ಎಡಗೈ ನೋಯ್ತಿತ್ತಾ, ಮಗಳೇ?
ಬರೀ ಬಲಗೈಲೇ ನುಡಿಸಿದೆಯಲ್ಲ.”

ಒಂದೇ ವೈರು ಸಿಕ್ಕಿಸಿದೆ.
ಪಿಯಾನೋ ಇಸ್ತ್ರಿ ಹಾಕಿದಂತೆ ಚಪ್ಪಟೆ;
ಹೊಟ್ಟೆ ಚುರ್ರೆಂದಿತು, ಸುಳ್ಳೇಕೆ.
ಮೂರನೇ ಹಾಡಿಗೆ
ಮೇಜಿನ ಮೇಲೆ ಅವನ ಬೆರಳು
ನನ್ನ ಎಡಗೈಯ ಹೆಜ್ಜೆಗೆ ಹೆಜ್ಜೆ ಇಟ್ಟಿತು.

ಖಾಲಿ ಉಳಿದ ತೂತಿಗೆ ಟೇಪು ಅಂಟಿಸಿದ್ದೇನೆ,
ಬಿಯರು ಚೆಲ್ಲಿದರೆ ಒಳಗಿಳಿಯದಿರಲೆಂದು.