ಒಬ್ಬರೇನಾ?

ಮಡಿಕೇರಿ ಲಾಡ್ಜಿನ ಹುಡುಗ ರಿಜಿಸ್ಟರಿನಿಂದ ತಲೆಯೆತ್ತಿ
ಮೊದಲು ಕೇಳಿದ್ದು: ಒಬ್ಬರೇನಾ?
ಕೋಟೆ ಹತ್ತಿರದ ಹೋಟೆಲಿನಲ್ಲಿ ನೀರಿನ ಲೋಟ ಎರಡಿಟ್ಟು
ಒಂದನ್ನು ವಾಪಸು ಒಯ್ಯುತ್ತ ಮಾಣಿ: ಒಬ್ಬರೇನಾ?
ಮಾಂದಲಪಟ್ಟಿ ಜೀಪಿನವನಂತೂ ಖಾಲಿ ಸೀಟುಗಳ ಕಡೆ ಕೈ ಬೀಸಿ
ಅವಕ್ಕೂ ನೀವೇ ಕೊಡಬೇಕಾಗ್ತದೆ ಮೇಡಂ, ಅಂದ.
ಬೇಡ ಬಿಡಪ್ಪ. ನನ್ನ ಬಸ್ಸಿನಲ್ಲಿ
ಖಾಲಿ ಸೀಟಿಗೆ ನಾನು ಟಿಕೆಟ್ ಹರಿದವಳಲ್ಲ.

ಹತ್ತೊಂಬತ್ತು ವರ್ಷ ಮುದ್ದೇಬಿಹಾಳ ಡಿಪೊ, ಹುನಗುಂದದ ಹಾದಿ.
ತಂಗಡಗಿ ಸೇತುವೆ ಮೇಲೆ ದಿನಕ್ಕೆ ಆರು ಸಲ ಕೃಷ್ಣೆ
ಜನರ ಕಂಕುಳ ಸಂದಿಯಲ್ಲಿ ಕಂಡಷ್ಟೇ ಕಂಡದ್ದು.
ಹಿಂದೆ ಯಾರು, ಟಿಕೆಟ್ ಯಾರು, ಚಿಲ್ಲರೆ ಯಾರದು.
ಕಿಟಕಿ ಪಕ್ಕದ ಸೀಟು ಹೇಗಿರುತ್ತದೆಂದು
ನೋಡಲಿಕ್ಕೇ ಹಾಕಿದ್ದು ಐದು ದಿನದ ರಜೆ.
ಕಾರಣದ ಖಾನೆಯಲ್ಲಿ ಬರೆದೆ: ಹೊಟ್ಟೆನೋವು.

ಎರಡನೆಯ ದಿನ ದ್ವೀಪ.
ಕುಶಾಲನಗರದ ಹತ್ತಿರ ಕಾವೇರಿ ಕವಲಾಗಿ ಮತ್ತೆ ಕೂಡುವ ನಡುವೆ
ಉಳಿದುಹೋದ ಒಂದಿಷ್ಟು ನೆಲ, ಅದರ ತುಂಬ ಬಿದಿರು.
ತೂಗುಸೇತುವೆ ಮೇಲೆ ಹೊಸ ಜೋಡಿಯೊಂದು
ಫೋಟೊ ತೆಗೀರಿ ಅಕ್ಕ, ಅಂತ ಫೋನು ಕೊಟ್ಟಿತು.
ಆಮೇಲೆ ಇನ್ನೊಂದು. ಸಾಲೇ ಹತ್ತಿತು.
ಹದಿನೇಳು ಜೋಡಿ ತೆಗೆದುಕೊಟ್ಟೆ,
ರೈಟ್ ಅಂದರೆ ಸಾಕು, ನಗುತ್ತಿದ್ದರು.
ಬಿದಿರ ಬುಡದಲ್ಲಿ ಕೂತು ಬುತ್ತಿ ಬಿಚ್ಚಿದೆ:
ಕಟಕ ರೊಟ್ಟಿ, ಶೇಂಗಾ ಹಿಂಡಿ.
ಎರಡೂ ಕಡೆ ನೀರು ಹೋಗುತ್ತಿತ್ತು,
ನಡುವೆ ಕೂತವಳನ್ನು ಏನೂ ಕೇಳದೆ.

ಕಕ್ಕಬ್ಬೆಯ ಚೋಂದಮ್ಮ ಕೇಳಿದ್ದೂ ಬೇರೆ:
ಕಾಫಿಗೆ ಬೆಲ್ಲ ಆಗ್ತದಾ?
ಕಡಂಬಟ್ಟು, ಬೈಂಬಳೆ ಕರಿ ಬಡಿಸಿ
ಎದುರಿಗೇ ಕೂತು ತಾನೂ ಉಂಡಳು.
ಅವಳ ಗಂಡನ ಸುದ್ದಿ ನಾನೆತ್ತಲಿಲ್ಲ, ನನ್ನವನದ್ದು ಅವಳು.
ಗೋಡೆಯ ಮೇಲಿನ ಕೋವಿ ತೋರಿಸಿ
ಇದು ನಂದು, ಅಂದಳು. ಅಷ್ಟೆ.

ಆ ರಾತ್ರಿ ಕಂಬಳಿಯೊಳಗೆ ಹೊಳೆಯಿತು:
ಒಬ್ಬಳು ಅನ್ನಲು ಯಾರಿಗೂ ಬಾಯಿ ಬಂದಿಲ್ಲ.
ಮರ್ಯಾದೆಗೆಂದು ಒಬ್ಬರು ಅಂದರು,
ಒಂದರ ಬಾಲಕ್ಕೆ ಬಹುವಚನ ಕಟ್ಟಿ.
ನಮ್ಮ ಭಾಷೆಗೂ ಪಾಪ, ಒಂಟಿ ಹೆಂಗಸನ್ನು
ಒಂಟಿಯಾಗಿ ಬಿಡಲು ಮನಸ್ಸಿಲ್ಲ.

ತಡಿಯಂಡಮೋಳ್ ಬುಡದ ಗೇಟಿನಲ್ಲಿ ವಾಚರ್ ತಮ್ಮಯ್ಯ ತಡೆದ.
ಒಬ್ಬರನ್ನ ಬಿಡುವ ಹಾಗಿಲ್ಲ, ಆನೆ ಉಂಟು.
ಒಂದೇ ಟ್ರಿಪ್ಪಿಗೆ ತೊಂಬತ್ತು ಜನರನ್ನು ಹೊಳೆ ದಾಟಿಸಿದವಳು ನಾನು.
ಆನೆಗೆ ಅದು ಗೊತ್ತಿಲ್ಲವಲ್ಲ, ಅಂದ.
ಅಷ್ಟರಲ್ಲಿ ಕಣ್ಣೂರಿನ ಹುಡುಗರು ಬಂದರು.
ಅವರ ಏಳರ ಪಕ್ಕಕ್ಕೆ ಕೂಡಿಸುವ ಗುರುತು ಹಾಕಿ
ನನ್ನನ್ನು ಬರೆದುಕೊಂಡ.

ದೊಡ್ಡ ಬಂಡೆಯ ಹತ್ತಿರ ಏಳೂ ಮಂದಿ ಬಿಸ್ಕತ್ತಿಗೆ ಕೂತರು.
ನಾನು ಕೂರಲಿಲ್ಲ.
ನಿಂತೇ ದುಡಿದ ಕಾಲುಗಳಿವು, ಏರು ಇವಕ್ಕೆ ಹೊಸದು ಅಷ್ಟೆ.
ಶೋಲೆಯ ಕತ್ತಲಲ್ಲಿ ಯಾವ ಸ್ಟಾಪಿನಲ್ಲಿ ಹತ್ತಿತ್ತೋ,
ಕಾಲುಚೀಲದೊಳಗೆ ಜಿಗಣೆ, ಟಿಕೆಟ್ಟಿಲ್ಲದೆ;
ಹೊಟ್ಟೆ ತುಂಬಿದ ಮೇಲೆ ತಾನೇ ಇಳಿದುಕೊಂಡಿತು.

ತುದಿಯಲ್ಲಿ ಏನೂ ಇಲ್ಲ. ಬರೀ ಬಿಳಿ.
ಸಮುದ್ರ ಕಾಣ್ತದೆ ಅಂದಿದ್ದ ತಮ್ಮಯ್ಯ.
ಕಾದೆ. ಕೆಟ್ಟುನಿಂತ ಬಸ್ಸಿನ ನೆರಳಲ್ಲಿ ಕಲಿತ ವಿದ್ಯೆ.
ಆಮೇಲೆ ಒಂದು ಸ್ಟಾಪಿನಷ್ಟು ಹೊತ್ತು,
ನಾಲ್ಕು ಜನ ಇಳಿದು ಐದು ಜನ ಹತ್ತುವಷ್ಟು,
ಮಂಜು ಕೆಳಗಿಳಿದು ಕಣಿವೆ ತುಂಬಿ ನಿಂತಿತು.
ಮೇಲೆ ಗುಡ್ಡಗಳ ತಲೆಯಷ್ಟೇ,
ಒಂದೊಂದೂ ತನ್ನ ಪಾಡಿಗೆ.
ಚಟ. ಎಣಿಸಿದೆ: ಇಪ್ಪತ್ಮೂರು.
ಮತ್ತೆ ಎಣಿಸಿದೆ: ಇಪ್ಪತ್ನಾಲ್ಕು.
ಮೊದಲ ಸಲ ಕಾಲ ಕೆಳಗಿನದನ್ನು ಬಿಟ್ಟಿದ್ದೆ.
ಜೇಬಿನಲ್ಲಿ ಸೀಟಿ ಇತ್ತು. ಊದಲಿಲ್ಲ.
ಊದಿದ್ದರೆ ಯಾವುದು ಹೊರಟುಬಿಡುತ್ತಿತ್ತೋ.

ಸೋಮವಾರ ಮತ್ತೆ ಡ್ಯೂಟಿ.
ನೀಲಗಂಗವ್ವ, ಹೊಟ್ಟೆನೋವು ಹ್ಯಾಂಗೈತಿ, ಅಂದರು ಕಂಟ್ರೋಲರ್ರು.
ಕಾಲಿಗಿಳದೈತ್ರಿ, ಅಂದೆ.
ಸುಳ್ಳಲ್ಲ. ಜಿಗಣೆ ಕಚ್ಚಿದ ಜಾಗ
ಸರಿಯಾಗಿ ತಂಗಡಗಿ ಸೇತುವೆ ಮೇಲೆಯೇ ತುರಿಸುತ್ತದೆ.
ಬಗ್ಗುತ್ತೇನೆ. ಬಗ್ಗಿದಾಗ, ಕಂಕುಳುಗಳ ಕೆಳಗಿಂದ,
ಹೊಳೆ ಒಂದಿಷ್ಟು ಹೆಚ್ಚೇ ಕಾಣುತ್ತದೆ.