ಮೂರೂವರೆ, ಎರಡು ಸಲ

ಮನವಿ ಕಳಿಸಿದೆ. ಯಂತ್ರ ಹೇಳಿತು: ೨೦೨.
‘ತೆಗೆದುಕೊಂಡಿದ್ದೇನೆ’ ಎಂದಷ್ಟೇ ಅದರರ್ಥ.
ತಲುಪಿಸುತ್ತೇನೆ ಎಂದಲ್ಲ,
ಓದುತ್ತಾರೆ ಎಂದಂತೂ ಅಲ್ಲವೇ ಅಲ್ಲ.
ಅಂಚೆಡಬ್ಬಿಗೆ ಮಾತು ಬರುವಂತಿದ್ದರೆ
ಅದೂ ಇಷ್ಟೇ ಆಡೀತು.

ತಾರ್ತುವಿನಲ್ಲಿ ಅಕ್ಟೋಬರಿನ ಕೊನೆಯ ಶನಿವಾರ.
ಕಿಟಕಿಯಾಚೆ ಎಮಾಯೆಗಿ, ತಾಯಿಹೊಳೆ ಎಂದೇ ಅದರ ಹೆಸರು,
ಬೀದಿದೀಪಗಳನ್ನು ಉದ್ದುದ್ದ ಎಳೆದು
ನೂಲುತ್ತ ಕೂತಿತ್ತು.
ನಾನೂ ಉಣ್ಣೆಯವಳೇ:
ಕಾಲುಚೀಲದಂಗಡಿಯ ಜಾಹೀರಾತು ಪತ್ರಗಳಿಗೆ
ಮುಹೂರ್ತ ಇಡುವವಳು.

ಮಾಲೀಕ ತೈವೋನದೊಂದು ಲೆಕ್ಕ:
“ನಡುರಾತ್ರಿ ಪತ್ರ ತೆರೆಯುವವರ ಕಾಲು ತಣ್ಣಗಿರುತ್ತದೆ,
ಕಾಲು ತಣ್ಣಗಾದವರ ಕೈ ಸಡಿಲ.”
ಹಾಗೆ ಸೋಸಿ ತೆಗೆದ ಪಟ್ಟಿ:
ಸಾವಿರದ ನೂರ ನಲವತ್ತೆರಡು ನಿದ್ದೆಗೆಟ್ಟ ವಿಳಾಸ.
ವಿಷಯ: ಇನ್ನೂ ಎಚ್ಚರವಿದ್ದೀರಾ? ಶೇಕಡಾ ಇಪ್ಪತ್ತು ರಿಯಾಯಿತಿ.
ವೇಳೆ: ಭಾನುವಾರ ನಸುಕು, ಮೂರೂವರೆ.
ಯಾವ ಲೆಕ್ಕದ ಮೂರೂವರೆ ಎಂದು ಹೇಳುವ
ಪುಟ್ಟ ಬಾಲವೊಂದಿರುತ್ತದೆ ಕೊನೆಗೆ.
ಅದನ್ನು ಬರೆಯಲು ಮರೆತೆ.

ಅಂದು ಗಡಿಯಾರಗಳು ಹಿಂದೆ ಸರಿಯುವ ರಾತ್ರಿ.
ನಾಲ್ಕರ ಹೊಸ್ತಿಲವರೆಗೆ ಬಂದ ಹೊತ್ತು
ಏನೋ ಮರೆತು ಬಂದವರ ಹಾಗೆ
ಮೂರಕ್ಕೆ ಮರಳುತ್ತದೆ.
ಮೂರೂವರೆ ಎರಡು ಸಲ.
ಹೇಳಿದ್ದನ್ನು ಹೇಳಿದಂತೆ ಕೇಳುವ ಮಗು ಯಂತ್ರ;
ಎರಡು ಸಲ ಕಳಿಸಿತು.

ಬೆಳಿಗ್ಗೆ ರದ್ದು ಮಾಡಹೋದರೆ: ೪೦೪.
ಅಂಥದ್ದೇನೂ ನನ್ನ ಬಳಿ ಇಲ್ಲ.
ನಿಜವೇ. ಬಿಟ್ಟ ಮೇಲೆ ಬತ್ತಳಿಕೆಯಲ್ಲೆಲ್ಲಿ ಬಾಣ?

ಅರವತ್ತೊಂದು ಜನ ಪಟ್ಟಿ ಬಿಟ್ಟು ಹೋದರು.
ಹಾಪ್ಸಲುವಿನ ಒಬ್ಬಾತ ಬರೆದ:
“ನನಗೆ ಕಾಲು ಎರಡಿವೆ, ಸರಿ,
ಅದಕ್ಕೆಂದು ಕಾಲಿಗೊಂದು ಪತ್ರವೇ?”
ನಕ್ಕೆ. ತೈವೋ ನಗಲಿಲ್ಲ.
ಕ್ಷಮಾಪಣೆಯ ಪತ್ರ ಬರಿ ಎಂದ,
ಅದರ ಕೆಳಗೊಂದು ರಿಯಾಯಿತಿಯೂ ಇರಲಿ ಎಂದ.

ಸಂಜೆಗೆ ಪ್ಯಾರ್ನುವಿನಿಂದ ಲೆಂಬಿ:
“ಆಸ್ಪತ್ರೆಯ ಬಟ್ಟೆಮನೆಯಲ್ಲಿ ನನ್ನದು ರಾತ್ರಿ ಪಾಳಿ.
ಮೊದಲ ಪತ್ರ ಬಂದಾಗ ಹಾಸುಬಟ್ಟೆ ಮಡಿಸುತ್ತಿದ್ದೆ.
ಎರಡನೆಯದು ಬಂದಾಗಲೂ ಹಾಸುಬಟ್ಟೆಯೇ.
ಎರಡು ಸಲವೂ ಮೂರೂವರೆ.
ನಮ್ಮ ಹಾಜರಿ ಪುಸ್ತಕಕ್ಕೆ ಮಾತ್ರ ಆ ತಾಸು ಒಂದೇ.
ಮಾರ್ಚಿನಲ್ಲಿ ಒಂದು ತಾಸು ಕಡಿಮೆ, ಸರಿಹೋಯಿತಲ್ಲ, ಅನ್ನುತ್ತಾರೆ.
ಮಾರ್ಚಿನ ಆ ರಾತ್ರಿಯ ಪಾಳಿ ನನಗೆ ಬಂದದ್ದೇ ಇಲ್ಲ,
ಅದು ಮೇಲ್ವಿಚಾರಕಿಯ ತಂಗಿಗೆ ಬರುತ್ತದೆ.
ಹನ್ನೊಂದು ಅಕ್ಟೋಬರು, ಹನ್ನೊಂದು ತಾಸು.
ಈ ಎರಡು ಪತ್ರ ಅಳಿಸದೆ ಇಟ್ಟಿದ್ದೇನೆ,
ನಾಳೆ ಕಚೇರಿಯಲ್ಲಿ ತೋರಿಸಲು.
ಕಾಲುಚೀಲ ಬೇಡ.”

ಯಂತ್ರದ ದಿನಚರಿ ತೆರೆದೆ.
ಎರಡು ಸಾಲು, ಅವಳಿ ಮಕ್ಕಳ ಹಾಗೆ,
ಬಾಲದಲ್ಲಷ್ಟೇ ಗುರುತು:
ಒಂದಕ್ಕೆ ಕೂಡು ಮೂರು, ಇನ್ನೊಂದಕ್ಕೆ ಕೂಡು ಎರಡು.
ನಡುವೆ ಒಂದಿಡೀ ಗಂಟೆ,
ನಿಮಿಷವೂ ಕಡಿಮೆಯಿಲ್ಲದೆ.
ಹಾಳೆಗಿಳಿಸಿ, ಸಹಿ ಹಾಕಿ,
ಪಕ್ಕದಲ್ಲಿ ಅಂಗಡಿಯ ಕುರಿಮುದ್ರೆ ಒತ್ತಿ
(ಮುದ್ರೆಯಿದ್ದರೆ ಕಚೇರಿಗಳು ಕೊಂಚ ಬಗ್ಗುತ್ತವೆ)
ಫೋಟೊ ತೆಗೆದು ಕಳಿಸಿದೆ, ಆ ಗಳಿಗೆಗೇ,
ಮುಹೂರ್ತವಿಡದೆ.

ಆಮೇಲೆ ಬಾಲ ಸರಿಪಡಿಸಿದೆ.
ಇನ್ನು ಮುಂದೆ ಯಾರಿಗೂ
ಒಂದು ತಾಸು ಎರಡಾಗಿ ಕಾಣುವುದಿಲ್ಲ.
ಕೆಲಸ ಅಚ್ಚುಕಟ್ಟು. ಯಾಕೋ ಕೈ ಮಾತ್ರ ಕಳ್ಳನ ಕೈಯಂತಿತ್ತು.

ಸೋಮವಾರ ಬಂತು, ಹೋಯಿತು.
ಪ್ಯಾರ್ನುವಿನಿಂದ ಸುದ್ದಿಯಿಲ್ಲ.
ಪಟ್ಟಿಯಲ್ಲೀಗ ಸಾವಿರದ ಎಂಬತ್ತೊಂದು,
ಲೆಂಬಿ ಅದರಲ್ಲಿದ್ದಾಳೆ.