ಜಾಮ್ ಬಾಟಲಿಯ ದ್ವೀಪ

ಸೆಪ್ಟೆಂಬರಿನಲ್ಲಿ ನಮ್ಮ ಕ್ಲಿಫ್ಟನ್ ಬಂದರಿಗೆ ಯಾರೂ ಬರುವುದಿಲ್ಲ.
ಬಿರುಗಾಳಿಯ ತಿಂಗಳು. ಹೋಟೆಲುಗಳು
ಕಿಟಕಿಗೆ ಹಲಗೆ ಬಡಿದುಕೊಂಡು
ಒಡೆಯರ ಜೊತೆ ತಾವೂ ಎಲ್ಲಿಗೋ ಹೋದಂತಿರುತ್ತವೆ.
ಆಗ ಬಂದಳು ಮಿಸ್ ಥೆಲ್ಮಿನಾ,
ದಿಂಬಿನ ಗವಸಿನಲ್ಲಿ ದುಡ್ಡು ಗಂಟುಕಟ್ಟಿ:
"ಕಟ್ಟುಮರ ಬೇಕು. ಒಂದು ದಿನಕ್ಕೆ. ಇಡಿಯಾಗಿ."

ಹತ್ತೊಂಬತ್ತು ವರ್ಷದಿಂದ ನಮ್ಮ ದೋಣಿಯ
ಟವೆಲು, ಹಾಸು, ಕ್ಯಾಪ್ಟನ್ ಓರಿಸನ ಬಿಳಿ ಅಂಗಿ
ಒಗೆದುಕೊಡುವವಳು.
ಜೆಟ್ಟಿಯ ತನಕ ಬಂದು ಮೂಟೆ ಇಳಿಸಿ
ಮೂಟೆ ಎತ್ತಿಕೊಂಡು ಹೋಗುವವಳು.
ಹಲಗೆ ದಾಟಿ ಒಂದು ಹೆಜ್ಜೆ ಈಚೆಗಿಟ್ಟವಳಲ್ಲ.

"ದುಡ್ಡು ಯಾಕೆ, ಸುಮ್ಮನೆ ಬಾ" ಅಂದ ಓರಿಸ್.
"ಬಿಟ್ಟಿ ಬಂದವಳು ಇಲ್ಲಿ ನಿಲ್ಲಿಸು ಅನ್ನೋಕಾಗಲ್ಲ."
ನೋಟು ಎಣಿಸಿದಳು, ಬೆರಳಿಗೆ ಎಂಜಲು ಹಚ್ಚದೆ.
ಇಸ್ತ್ರಿ ಹಾಕಿದ್ದಳೋ ಏನೋ,
ಒಂದಕ್ಕೊಂದು ಅಂಟಿರಲಿಲ್ಲ.

ಫಾರಂ ತುಂಬುವುದು ನನ್ನ ಕೆಲಸ.
ಜೊತೆಗೆ ಎಷ್ಟು ಜನ? ಯಾರೂ ಇಲ್ಲ, ಪ್ರೈವೇಟ್ ಅಂದರೆ ಅದೇ ತಾನೆ.
ಈಜು? ಬರುವುದಿಲ್ಲ.
ಅಲರ್ಜಿ? ಬ್ಲೀಚು.
ಯಾವ ಯಾವ ದ್ವೀಪ?
ಇಲ್ಲಿ ಸುಮ್ಮನಾದಳು.
ಚೀಲದಿಂದ ನಾಲ್ಕು ಜಾಮ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.
ನಾಲ್ಕರಲ್ಲೂ ಮರಳು.

"ನಿಮ್ಮ ಗಿರಾಕಿಗಳ ಟವೆಲು ಒದರಿದಾಗ ಉದುರಿದ್ದು.
ಇದು ಹಿಟ್ಟು. ಇದು ರವೆ.
ಇದರಲ್ಲಿ ಕೆಂಪು ಚೂರು,
ಹವಳವೋ ಯಾರ ಉಗುರಿನ ಬಣ್ಣವೋ ನನಗೇನು ಗೊತ್ತು.
ಇವು ಎಲ್ಲಿಂದ ಬಂದವೋ ಅಲ್ಲಿಗೆ."

ಬೆಳಿಗ್ಗೆ ಏಳಕ್ಕೆ ಹಾಯಿ ಎತ್ತಿದೆವು.
ಎರಡು ಒಡಲಿನ ನಡುವೆ ಬಿಗಿದ ಬಲೆಯ ಮೇಲೆ,
ಗಿರಾಕಿಗಳು ಮೈ ಚಾಚುವ ಜಾಗದಲ್ಲಿ,
ಚರ್ಚಿನ ಟೋಪಿ ಹಾಕಿಕೊಂಡು ನೆಟ್ಟಗೆ ಕೂತಳು.
ಕೆಳಗೆ ನೀರು ನೊರೆನೊರೆಯಾಗಿ ಸಿಡಿದು ಹಿಂದಕ್ಕೋಡುತ್ತಿತ್ತು.
"ಸೋಪಿಲ್ಲದೆ ಇಷ್ಟು ನೊರೆ" ಅಂದಳು. "ದಂಡ."

ಮೇಯ್ರೋದಲ್ಲಿ ಇಳಿದಳು. ಅಂಗೈಗೆ ಒಂದು ಹಿಡಿ,
ಬಾಟಲಿಯಿಂದ ಒಂದು ಚಿಟಿಕೆ, ಹೆಬ್ಬೆರಳಿನಿಂದ ತಿಕ್ಕಿ,
ಲೆಕ್ಕ ತಾಳೆಯಾದ ಅಂಗಡಿಯವಳಂತೆ ತಲೆಯಾಡಿಸಿ
ಬಾಟಲಿ ಬಗ್ಗಿಸಿದಳು. ಅವರದು ಅವರಿಗೆ.
ಬರಡಾಲಿನಲ್ಲಿ ಆಮೆಗಳು ತಲೆಯೆತ್ತಿ ನೋಡಿದವು;
ಇವಳು ಅವನ್ನು ನೋಡಲಿಲ್ಲ, ಹಿಟ್ಟು ನೋಡುತ್ತಿದ್ದಳು.
ಕೆಂಪು ಚೂರಿನದು ಸಿಕ್ಕಿತು ಪೆಟಿ ತಬಾಕಿನಲ್ಲಿ.
(ಹವಳವೇ.)

ನಾಲ್ಕನೆಯದು ಯಾವ ದಡಕ್ಕೂ ಒಗ್ಗಲಿಲ್ಲ.
ಅಗಸೆಬೀಜದಂತೆ ನುಣುಪು, ಮಿರುಗುವ ಬೂದು.
ಒಂದು, ಎರಡು, ಮೂರು ಕಡೆ ಇಳಿದಳು, ಹತ್ತಿದಳು.
ಪಾವಡೆಯ ಅಂಚು ಒದ್ದೆ. ಹೊತ್ತು ಮೂರರ ಮೇಲೆ.
ಓರಿಸ್ ಬಾಟಲಿ ಇಸಿದುಕೊಂಡ, ಬೆಳಕಿಗೆ ಹಿಡಿದ,
ಬಹಳ ಹೊತ್ತು ಹಿಡಿದೇ ಇದ್ದ.
"ಪೆಟಿ ಸೂಕ್ರ್" ಅಂದ.

ನಮ್ಮ ಹಳೆಯ ಜಾಹೀರಾತಿನ ಹಾಳೆಯಲ್ಲಿ ಇತ್ತು ಅದು,
ಮಂಚದಗಲದ ದಿಬ್ಬ, ನೆರಳಿಗೆ ಒಂದೇ ಒಂದು ಛತ್ರಿ.
ಮದುವೆಯಾದವರನ್ನು ಇಳಿಸಿ ಗಂಟೆ ಬಿಟ್ಟು ಬರುತ್ತಿದ್ದೆವು.
ನನ್ನ ಮನೆಯ ತಗಡು ಹಾರಿದ ರಾತ್ರಿಯೇ
ಅದೂ ಹೋಯಿತು. ಬೆಳಗಾಗಿ ನೋಡಿದರೆ
ಬರೀ ಹಸಿರು ನೀರು. ಹಾಳೆ ಬೇರೆ ಅಚ್ಚು ಹಾಕಿಸಿದೆವು.

"ಎಲ್ಲಿತ್ತೋ ಅಲ್ಲಿ ನಿಲ್ಲಿಸು" ಅಂದಳು ಥೆಲ್ಮಿನಾ.

ನಿಲ್ಲಿಸಿದೆವು. ಲಂಗರು ಬೇಗ ತಳ ಮುಟ್ಟಿತು.
ಮೆಟ್ಟಿಲಲ್ಲಿ ಕೂತು ನೀರಿಗೆ ಕಾಲು ಬಿಟ್ಟು
ಹುರಿದ ಮೀನು, ದೀವಿಹಲಸು, ಎರಡು ಲೋಟ ರಮ್ ಪಂಚ್.
ಬಾಟಲಿ ತೊಡೆಯ ನಡುವೆ.
ಮುಚ್ಚಳ ಒಮ್ಮೆ ತಿರುಗಿಸಿ ಮೂಸಿದಳು, ಮತ್ತೆ ಬಿಗಿದಳು,
ಅದೂ ಎರಡೆರಡು ಸಲ.
ಬಗ್ಗಿಸುತ್ತಾಳೆಂದು ನಾನು ಕಾದೆ. ಓರಿಸ್ ಬೇರೆ ಕಡೆ ನೋಡುತ್ತಿದ್ದ.
ಬಗ್ಗಿಸಲಿಲ್ಲ.

ಜೆಟ್ಟಿಯಲ್ಲಿ ಇಳಿದು ಹೋದಳು, ಎಲ್ಲ ಗಿರಾಕಿಗಳ ಹಾಗೆ
ಒದ್ದೆ ಟವೆಲನ್ನು ಮುದ್ದೆ ಮಾಡಿ ಅಲ್ಲೇ ಬಿಸಾಕಿ.

ಅದನ್ನು ಓರಿಸನೇ ಒಗೆದ, ಬಕೆಟ್ಟಿನಲ್ಲಿ,
ಅರ್ಧ ಡಬ್ಬಿ ಸೋಪಿನಪುಡಿ ಸುರಿದು, ಹಗ್ಗಕ್ಕೆ ಹಾಕಿದ.
ಮಾರನೆಯ ದಿನ ಮೂಟೆಗೆ ಬಂದವಳು ನಿಂತು ನೋಡಿದಳು,
ಅಂಚು ಮೂಸಿದಳು,
ಏನೂ ಹೇಳದೆ ಹಗ್ಗದಿಂದೆಳೆದು
ಒಗೆಯುವ ಮೂಟೆಗೆ ಸೇರಿಸಿಕೊಂಡಳು.